ಫ್ಯಾನ್ ತಿರಗತಾವು, ಡಿಸ್‌ಪ್ಲೇ ಬರವಲ್ದು

ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿ ಒಳಗಿನ ಧೂಳು ನೋಡಿದರೆ ಸಾಕು, ಅದು ಯಾವ ಊರಿನದೆಂದು ಹೇಳಿಬಿಡುತ್ತೇನೆ ಎಂದು ನಾನು ಆಗಾಗ ಜಂಬ ಕೊಚ್ಚುವುದುಂಟು. ಜಂಬದ ಮಾತೇ, ಆದರೂ ಪೂರಾ ಸುಳ್ಳಲ್ಲ. ರಬಕವಿ-ಬನಹಟ್ಟಿಯದಾದರೆ ಮುಂದಿನ ಜಾಳಿಗೆಯ ಮೇಲೆ ನೂಲಿನ ಹಿಂಜು ದಪ್ಪಗೆ ಕೂತಿರುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಬೆಳ್ಳನೆಯ ಹಾಳೆಯೇ ಎದ್ದು ಬರುತ್ತದೆ. ಮುಧೋಳದ್ದಾದರೆ ಕರಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುತ್ತಾರೆ, ಅತ್ತ ಸಕ್ಕರೆ ಕಾರಖಾನೆಗಳ ಬಾಯ್ಲರಿನ ಬೂದಿ ಬೇರೆ. ಹಂಗಾಮು ಮುಗಿಯುವ ಹೊತ್ತಿಗೆ ಫ್ಯಾನಿನ ರೆಕ್ಕೆ ಮುಟ್ಟಿದ ಬೆರಳನ್ನು ಸಾಬೂನು ಹಚ್ಚಿಯೇ ತೊಳೆಯಬೇಕು. ಬೀಳಗಿ ಕಡೆಯದರಲ್ಲಿ ಎರೆಮಣ್ಣು. ಆಲಮಟ್ಟಿಯ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದು ಬಯಲಾದ ನೆಲ ಒಣಗುತ್ತದೆ, ಗಾಳಿ ಬೀಸಿದರೆ ಎದ್ದು ಮನೆಯೊಳಕ್ಕೆ ಬರುತ್ತದೆ. ನಮ್ಮ ಜಮಖಂಡಿಯದು ಎಲ್ಲದರ ಬೆರಕೆ. ನಮ್ಮ ಮನೆಯದರಲ್ಲಂತೂ ಜೋಳದ ಹಿಟ್ಟೂ ಸೇರಿದೆ, ಗೋಡೆಯಾಚೆಗೇ ಗಿರಣಿ.

ನಾನು ರಿಪೇರಿ ಅಂಗಡಿಯವನಲ್ಲ, ಮಾಸ್ತರ. ಬಿಡಿಭಾಗ ತರಿಸಿ ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿಕೊಂಡೆ ಎಂಬುದೊಂದೇ ಅರ್ಹತೆ. ಹಿಂದೆ ಇಂಥ ಸಾಮಾನಿಗೆ ಸಾಂಗಲಿಗೋ ಬೆಳಗಾವಿಗೋ ಹೋಗಬೇಕಿತ್ತು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾರಾದರೂ ಗುರುತಿನವರಿರಬೇಕಿತ್ತು. ಈಗ ಕೊರಿಯರಿನವನು ಬಾಗಿಲಿಗೆ ತಂದು ಕೊಟ್ಟು ಹೋಗುತ್ತಾನೆ. 1995ರಲ್ಲಿ ಇಂಟೆಲ್ ಕಂಪನಿ ಹಾಕಿಕೊಟ್ಟ ಎಟಿಎಕ್ಸ್ ಅಳತೆಯ ದೆಸೆಯಿಂದ ಯಾವ ದೇಶದ ಬೋರ್ಡಾದರೂ ಯಾವ ಊರಿನ ಡಬ್ಬಿಗಾದರೂ ಕೂರುತ್ತದೆ. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಹುಡುಗರು ಮನೆಯಲ್ಲೇ ಕೂತು ಜೋಡಿಸುತ್ತಾರೆ. ಜೋಡಿಸಿದ ಮೇಲೆ ಫೋನು ಬರುತ್ತದೆ. ಊರು ಯಾವುದಾದರೂ ಮಾತು ಒಂದೇ: "ಸರ್, ಫ್ಯಾನ್ ತಿರಗತಾವು, ಡಿಸ್‌ಪ್ಲೇ ಬರವಲ್ದು."

ಫ್ಯಾನ್ ತಿರುಗುವುದು ಅವರಿಗೆ ದೊಡ್ಡ ಸಮಾಧಾನ. ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಎಸ್‌ಎಂಪಿಎಸ್ಸಿನಿಂದ 12 ವೋಲ್ಟ್ ಬರುತ್ತಿದೆ, ಅಷ್ಟೇ. ಬಾಜಾ ಬಾರಿಸಿದ ಮಾತ್ರಕ್ಕೆ ಅಕ್ಕಿಕಾಳು ಬಿದ್ದವು ಎನ್ನಲಾದೀತೆ? ಒಳಗೆ ಪ್ರೊಸೆಸರು ಎದ್ದು, ರ್‍ಯಾಮ್ ಇದೆಯೋ ಇಲ್ಲವೋ ನೋಡಿಕೊಂಡು, ಗ್ರಾಫಿಕ್ಸ್ ಕಾರ್ಡನ್ನು ಮಾತಾಡಿಸಿ, ಕೊನೆಗೆ ಡಿಸ್ಕಿನಿಂದ ವಿಂಡೋಸನ್ನು ಎತ್ತಿಕೊಳ್ಳಬೇಕು. 1981ರ ಐಬಿಎಂ ಪಿಸಿ ಈ ತಪಾಸಣೆ ಸುಸೂತ್ರವಾದರೆ ಒಮ್ಮೆ 'ಬೀಪ್' ಅನ್ನುತ್ತಿತ್ತು, ತೊಂದರೆಯಿದ್ದರೆ ಬೇರೆ ಬೇರೆ ಲೆಕ್ಕದಲ್ಲಿ ಕೂಗಿ ಹೇಳುತ್ತಿತ್ತು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರನ್ನೇ ಕೊಡುವುದಿಲ್ಲ. ಬಣ್ಣದ ದೀಪ ಬೇಕಾದಷ್ಟು ಕೊಡುತ್ತಾರೆ. ಪುಣ್ಯಕ್ಕೆ ಹಲವು ಬೋರ್ಡುಗಳ ಅಂಚಿನಲ್ಲಿ ಸಾಸಿವೆಯಷ್ಟು ನಾಲ್ಕು ದೀಪಗಳಿರುತ್ತವೆ: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್. ತಪಾಸಣೆ ಎಲ್ಲಿ ನಿಂತಿತೋ ಅಲ್ಲಿನ ದೀಪ ಆರದೆ ಉಳಿಯುತ್ತದೆ. ಹಾಗಾಗಿ ಫೋನಿನಲ್ಲಿ ನಾನು ಮೊದಲು ಕೇಳುವುದು ಯಾವ ದೀಪ ಎಂದು. "ಎಲ್ಲಾ ದೀಪ ಹತ್ತ್ಯಾವ್ರಿ, ಮಸ್ತ್ ಕಾಣತೈತಿ" ಎಂದು ಫ್ಯಾನಿನ ಬಣ್ಣ ವರ್ಣಿಸುವವರೇ ಹೆಚ್ಚು.

ಬನಹಟ್ಟಿಯ ನಮ್ಮ ಚಿಗವ್ವನ ಮಗನದೂ ಹೀಗೇ ಆಯಿತು. ಅವರದು ಪಾವರ್‌ಲೂಮಿನ ಮನೆ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡಿಗೆ ಮನೆ, ನಡುವಿನ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರು. ಹುಡುಗ ಸೀರೆಯ ದಡಿ, ಸೆರಗಿನ ಡಿಸೈನು ಕಂಪ್ಯೂಟರಿನಲ್ಲಿ ಬಿಡಿಸುತ್ತಾನೆ. ಅದರ ಪ್ರಕಾರ ಜಕಾರ್ಡಿನ ರಟ್ಟುಗಳಿಗೆ ತೂತು ಬೀಳುತ್ತವೆ. (ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ಮಾಡಿದ ಈ ತೂತಿನ ರಟ್ಟನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಆ ಸಾಲ ನಮ್ಮ ಚಿಗವ್ವನ ಮನೆಯಲ್ಲಿ ತೀರುತ್ತಿದೆ ಅಂತ ಇಟ್ಟುಕೊಳ್ಳಿ.) ಹೊಸದಾಗಿ ಜೋಡಿಸಿದ ಯಂತ್ರ, ಡಿಡಿಆರ್5 ರ್‍ಯಾಮು, ಪಕ್ಕಕ್ಕೆ ಗಾಜು, ಮುಂದೆ ಎರಡು ಹಿಂದೆ ಒಂದು ಬಣ್ಣದ ಫ್ಯಾನು. ಎಲ್ಲಾ ತಿರುಗುತ್ತಿವೆ, ಪರದೆ ಕಪ್ಪು. ಊರಿನ ಒಬ್ಬರು ಬಂದು ನೋಡಿ "ಬೋರ್ಡ್ ಹೋಗೈತಿ" ಎಂದು ತೀರ್ಪು ಕೊಟ್ಟು ಹೋಗಿದ್ದರು. ನಮ್ಮ ಕಡೆ ಈ ತೀರ್ಪಿಗೆ ಮೇಲ್ಮನವಿಯಿಲ್ಲ.

ಗಾಜು ತೆಗೆದು ನೋಡಿದೆ. ಡಿರ್‍ಯಾಮ್ ದೀಪ ಹಳದಿಯಾಗಿ ಉರಿಯುತ್ತಿತ್ತು. ಈಗಿನ ಎಷ್ಟೋ ಬೋರ್ಡುಗಳಲ್ಲಿ ರ್‍ಯಾಮಿನ ಗೂಡಿಗೆ ಚಿಲಕ ಒಂದೇ ಬದಿಗೆ. ಆ ಬದಿ 'ಟಕ್' ಎಂದರೆ ಕೂತಿತು ಎಂದುಕೊಳ್ಳುತ್ತೇವೆ. ಚಿಲಕವಿಲ್ಲದ ತುದಿ ಕೂದಲೆಳೆಯಷ್ಟು ಮೇಲೆ ಎದ್ದಿರುತ್ತದೆ. ಬೆಳಕು ಸಾಲದೆ ನಾನು ಮೊಬೈಲಿನ ಟಾರ್ಚಿಗೆ ತಡಕುತ್ತಿದ್ದಾಗ ಚಿಗವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೂವತ್ತು ವರ್ಷದಿಂದ ಹರಿದ ಎಳೆ ಹುಡುಕಿ ಗಂಟು ಹಾಕಿದ ಬೆರಳು. ರ್‍ಯಾಮಿನ ಮೇಲಂಚಿನ ಗುಂಟ ಒಮ್ಮೆ ಹೆಬ್ಬೆರಳು ಸರಿಸಿ, "ಈ ತುದಿ ಎದ್ದೈತಿ ನೋಡೋ" ಎಂದಳು. ಕರೆಂಟು ತೆಗೆದು, ಅಲ್ಲೇ ಒತ್ತಿದಾಗ ಎರಡನೆಯ 'ಟಕ್' ಕೇಳಿತು.

ಮತ್ತೆ ಚಾಲೂ ಮಾಡಿದರೂ ಪರದೆ ಕಪ್ಪಗೇ ಇತ್ತು. ಹುಡುಗ ಕೂಡಲೇ ಬಟನ್ನಿಗೆ ಕೈ ಹಾಕಿದ. ಡಿಡಿಆರ್5 ಮೊದಲ ಸಲ ಎದ್ದಾಗ ಬೋರ್ಡು ರ್‍ಯಾಮಿನ ವೇಳೆ, ವೋಲ್ಟೇಜು ಎಲ್ಲವನ್ನೂ ತಿರುವಿ ಮುರುವಿ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವೊಮ್ಮೆ ಹಲವು ನಿಮಿಷ ಬೇಕು. ಅಷ್ಟರೊಳಗೆ ಆರಿಸಿದರೆ ಮತ್ತೆ ಮೊದಲಿಂದ. ಇದನ್ನು ನಾನು ವಿವರಿಸುವ ಮೊದಲೇ ಕಾಕಾ ಬಾಗಿಲಲ್ಲಿ ನಿಂತು "ಕೈ ತಗೀಯೋ, ಅದು ತನ್ನ ಕೆಲಸ ಮಾಡ್ಲಿ" ಎಂದರು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚುತ್ತ. ತಂಬಾಕು ತಿಕ್ಕಿ, ಕೊಡವಿ, ತುಟಿಯೊಳಗೆ ಇಟ್ಟುಕೊಳ್ಳುವ ಹೊತ್ತಿಗೆ ಪರದೆ ಬೆಳಗಿತು. ಬೆಳಗಿದ್ದು ಒಂದು ಗದರಿಕೆಯೊಂದಿಗೆ: ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ. ಪ್ರೊಸೆಸರಿನ ಕೂಲರು ತಿರುಗುತ್ತಲೇ ಇತ್ತು. ಆದರೆ ಅದರ ವೈರನ್ನು ಕ್ಯಾಬಿನೆಟ್ ಫ್ಯಾನಿನ ಪಿನ್ನಿಗೆ ಚುಚ್ಚಿದ್ದರು. ಸಿಪಿಯು ಫ್ಯಾನ್ ಎಂದು ಬರೆದ ಜಾಗದಲ್ಲಿ ಏನೂ ಇಲ್ಲದ್ದರಿಂದ ಬೋರ್ಡಿಗೆ ಗಾಬರಿ. ತೆಗೆದು ಸರಿಯಾದಲ್ಲಿ ಹಾಕಿದೆವು.

ಇಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಬನಹಟ್ಟಿಯಲ್ಲಿ ಮಗ್ಗ ನಿಂತಾಗಲೇ ಕಿವಿಗೆ ಕೆಲಸ. ಯುಪಿಎಸ್ ಮೇಲೆ ಕಂಪ್ಯೂಟರು ನಡೆದಿತ್ತು, ಮತ್ತು ಅದರ ಮೂರೂ ಫ್ಯಾನುಗಳು ಕರ್ಕಶವಾಗಿ ಕಿರುಚುತ್ತಿದ್ದವು. ದಿನವಿಡೀ 'ಖಟಕ್ ಖಟಕ್' ನಡುವೆ ಬದುಕುವ ಆ ಮನೆಯಲ್ಲಿ ಅದು ಯಾರಿಗೂ ಕೇಳಿರಲಿಲ್ಲ. ಕಾರಣ ಸರಳ. ಫ್ಯಾನುಗಳು ಮೂರು ತಂತಿಯವು: ಒಂದು ನೆಲ, ಒಂದು 12 ವೋಲ್ಟ್, ಇನ್ನೊಂದು ಸುತ್ತಿನ ಲೆಕ್ಕ ಹೇಳುವುದು. ಬೋರ್ಡಿನ ಪಿನ್ನು ನಾಲ್ಕು. ಆ ನಾಲ್ಕನೆಯ ತಂತಿಯಲ್ಲಿ ಸೆಕೆಂಡಿಗೆ 25 ಸಾವಿರ ಸಲ ಮಿಡಿಯುವ ಸಂಕೇತದ ಮೂಲಕ ಬೋರ್ಡು ವೇಗ ಹೇಳುತ್ತದೆ. ಮೂರು ತಂತಿಯ ಫ್ಯಾನಿಗೆ ಆ ಮಾತು ಕೇಳಿಸುವುದೇ ಇಲ್ಲ, ಪೂರಾ 12 ವೋಲ್ಟ್ ಕುಡಿದು ಓಡುತ್ತದೆ. ಬಯೋಸಿಗೆ ಹೋಗಿ ಪಿಡಬ್ಲ್ಯೂಎಂ ಎಂದಿರುವಲ್ಲಿ ಡಿಸಿ ಎಂದು ಬದಲಿಸಿದರೆ ವೋಲ್ಟೇಜನ್ನೇ ಇಳಿಸಿ ನಿಧಾನ ಮಾಡಬಹುದು. ತೀರಾ ಇಳಿಸಿದರೆ ಫ್ಯಾನು ಹೊರಡುವುದೇ ಇಲ್ಲ, ಮಿಡುಕುತ್ತಾ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಮೇಲೆಯೇ ಇಡುವುದು ಒಳ್ಳೆಯದು. ಯುಪಿಎಸ್ ಕೂಗಿ ಕೂಗಿ ಸಾಯುವ ಮುಂಚೆ ಬದಲಿಸಿದೆವು. ಗದ್ದಲ ಇಳಿಯಿತು. ಪಕ್ಕದ ಮನೆಯ ಕೂಸು ಅಳುವುದೂ ಕೇಳಿತು.

ಆಗ ಚಿಗವ್ವ ಹೊಕ್ಕಿನ ನೂಲಿನ ಒಂದು ಎಳೆ ಹರಿದು ತಂದು ಮುಂದಿನ ಜಾಳಿಗೆಯ ಎದುರು ಇಳಿಬಿಟ್ಟಳು. ಎಳೆ ಒಳಕ್ಕೆ ಅಂಟಿಕೊಳ್ಳಬೇಕಿತ್ತು. ಅದು ಹೊರಕ್ಕೆ ಹಾರಿತು. "ಇದು ಹೊರಗ ಊದಾಕತ್ತೈತಲ್ಲೋ!" ಹುಡುಗ ನಾಚಿದ. ಫ್ಯಾನಿಗೆ ಎರಡು ಮುಖ. ಒಂದು ಬಯಲು, ನೋಡಲು ಚೆಂದ. ಇನ್ನೊಂದರಲ್ಲಿ ಮೋಟಾರು ಹಿಡಿದ ಅಡ್ಡಪಟ್ಟಿಗಳಿರುತ್ತವೆ. ಗಾಳಿ ಯಾವಾಗಲೂ ಅಡ್ಡಪಟ್ಟಿಯ ಕಡೆಯಿಂದ ಹೊರಬೀಳುತ್ತದೆ. ಗಾಜಿನೊಳಗಿಂದ ಚೆಂದದ ಮುಖವೇ ಕಾಣಲಿ ಎಂದು ಅವನು ಮುಂದಿನವನ್ನೂ ತಿರುಗಿಸಿ ಕೂರಿಸಿದ್ದ. ಹಾಗೆ ಮೂರೂ ಫ್ಯಾನು ಗಾಳಿಯನ್ನು ಹೊರಹಾಕುತ್ತಿದ್ದವು. ಹೊರಹೋದ ಗಾಳಿಗೆ ಬದಲಿ ಎಲ್ಲಿಂದ ಬರಬೇಕು? ಸಂದುಗೊಂದು, ಕಾರ್ಡಿನ ಸೀಳು, ಸ್ಕ್ರೂ ಹಾಕದ ತೂತು, ಎಲ್ಲೆಲ್ಲಿ ಜಾಳಿಗೆ ಇಲ್ಲವೋ ಅಲ್ಲೆಲ್ಲ ಹಿಂಜಿನ ಸಮೇತ. ಹೊರಗೆ ಕಳಿಸುವುದಕ್ಕಿಂತ ಒಳಗೆ ಎಳೆಯುವುದು ಒಂದು ತೂಕ ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ, ಧೂಳು ಜಾಳಿಗೆಯಲ್ಲೇ ಸಿಕ್ಕುತ್ತದೆ. ಮಗ್ಗದ ಮನೆಗೆ ಇದಕ್ಕಿಂತ ಮುಖ್ಯ ಸೂತ್ರ ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ. ಮುಂದಿನ ಎರಡನ್ನೂ ತಿರುವಿ ಹಾಕಿದೆವು. ಚೆಂದದ ಮುಖ ಈಗ ರಸ್ತೆಯ ಕಡೆಗೆ. ಅದೂ ಆಗಲಿ, ಬಂದವರಿಗೆ ಮೊದಲು ಕಾಣತೈತಿ ಎಂದು ಕಾಕಾ ಸಮಾಧಾನ ಹೇಳಿದರು.

ಇಷ್ಟೆಲ್ಲ ಆಗಿಯೂ ಒಂದೇ ಒಂದು ಬಿಡಿಭಾಗ ಬದಲಾಗಲಿಲ್ಲ. "ಬೋರ್ಡ್ ಹೋಗೈತಿ" ಎಂಬ ತೀರ್ಪಿನ ಮೇಲೆ ನನಗಿರುವ ಸಿಟ್ಟು ಇದೇ. ನಮ್ಮ ಸೀಮೆಯಲ್ಲಿ ಮನೆಯಲ್ಲಿ ಕಟ್ಟಿದ ಯಂತ್ರ ಕೆಟ್ಟು ನಿಂತರೆ ಬಿಡಿಭಾಗಕ್ಕಿಂತ ಮೊದಲು ಮನೆಯನ್ನು ನೋಡಬೇಕು: ಅಲ್ಲಿನ ಗಾಳಿ, ಕರೆಂಟು, ಮನೆಮಂದಿಯ ರೂಢಿ. ಬೋರ್ಡು ಹೋಗುವುದಿಲ್ಲವೆಂದಲ್ಲ. ಹೋಗುವುದು ಕೊನೆಗೆ.

ರೂಢಿಯ ಮಾತಿಗೆ ನಮ್ಮ ಅವ್ವನೇ ಸಾಕ್ಷಿ. ರಾತ್ರಿ ಮಲಗುವ ಮುನ್ನ ಮನೆಯ ಒಂದೂ ಬಟನ್ನು ಚಾಲೂ ಇರಬಾರದು, ಸಿಡಿಲಿಗೂ ಬಿಲ್ಲಿಗೂ ಅಂಜಿ ಕಲಿತ ಶಿಸ್ತು. ಒಂದು ಕಾಲದಲ್ಲಿ ನನ್ನ ಹಳೆಯ ಯಂತ್ರ ಬೆಳಿಗ್ಗೆ ಎದ್ದರೆ ಬೂಟ್ ಮಾಡುವ ಡಿಸ್ಕೇ ಇಲ್ಲ ಎನ್ನುತ್ತಿತ್ತು. ಹೇಗೋ ವಿಂಡೋಸಿಗೆ ಬಂದರೆ ಬ್ರೌಸರು ಎಲ್ಲ ತಾಣಗಳ ಮೇಲೂ ಅನುಮಾನ ಪಡುತ್ತಿತ್ತು. ಮೂಲೆಯಲ್ಲಿ ತಾರೀಖು ನೋಡಿದರೆ ವರ್ಷಗಟ್ಟಲೆ ಹಿಂದಿನದು. ಬೋರ್ಡಿನ ಮೇಲೆ ದುಂಡಗಿನ ಸಿಆರ್2032 ಸೆಲ್ಲು ಇರುತ್ತದೆ, 3 ವೋಲ್ಟಿನದು. ಗಡಿಯಾರವನ್ನೂ ಬಯೋಸಿನಲ್ಲಿ ನಾವು ಮಾಡಿದ ಆಯ್ಕೆಗಳನ್ನೂ ಅದು ಕಾಯುತ್ತದೆ. ಗೋಡೆಯ ಬಟನ್ನು ಚಾಲೂ ಇದ್ದಷ್ಟು ಹೊತ್ತು, ಕಂಪ್ಯೂಟರು ಆರಿದ್ದರೂ, ಎಸ್‌ಎಂಪಿಎಸ್ಸಿನಿಂದ ಬರುವ ಸಣ್ಣ ಕರೆಂಟಿನಲ್ಲೇ ಗಡಿಯಾರ ನಡೆಯುತ್ತದೆ. ಬಟನ್ನು ತೆಗೆದರೆ ರಾತ್ರಿಯ ಪೂರಾ ಭಾರ ಸೆಲ್ಲಿನ ಮೇಲೆ. ಹೀಗೆ ಸೆಲ್ಲು ಬೇಗ ಸೋತಿತು. ಸೋತ ಮೇಲೆ ಬಯೋಸು ಕಂಪನಿಯ ಮೂಲ ಆಯ್ಕೆಗೆ ಮರಳಿತು. ನನ್ನ ವಿಂಡೋಸು ಹಳೆಯ ಲೆಗಸಿ ಪದ್ಧತಿಯಲ್ಲಿ ಹಾಕಿದ್ದು, ಬಯೋಸು ಯುಇಎಫ್‌ಐ ಮಾತ್ರ ಹುಡುಕುತ್ತಿತ್ತು. ಡಿಸ್ಕು ಕಣ್ಣೆದುರಿಗಿದ್ದೂ ಅದಕ್ಕೆ ಕಾಣದು. ಫ್ಯಾನಿನ ವೇಗಕ್ಕೆ ನಾನು ಹಾಕಿದ್ದ ಲೆಕ್ಕವೂ ಅದರ ಜೊತೆಗೇ ಹೋಗಿ, ಬೆಳಬೆಳಿಗ್ಗೆ ಮತ್ತೆ ಗದ್ದಲ.

ವಾಚ್ ರಿಪೇರಿ ಅಂಗಡಿಯಲ್ಲಿ ಸೆಲ್ಲು ಸಿಕ್ಕಿತು. ಅವ್ವನ ಶಿಸ್ತಿಗೆ ಕೈ ಹಚ್ಚಲು ಹೋಗಲಿಲ್ಲ. ಅವಳ ಪ್ರಕಾರ ತಪ್ಪು ಸೆಲ್ಲಿನದು. "ನಿಂದು ಗಡಿಯಾರ ಹಿಂದ ಬಿದ್ರ ನಾ ಏನ್ ಮಾಡ್ಲಿ? ಗ್ವಾಡಿ ಗಡಿಯಾರ ನೋಡು."

ಮುಧೋಳದ್ದು ಬೇಸಿಗೆಯ ಕಥೆ. ಗೆಳೆಯರೊಬ್ಬರದು ಮದುವೆ ಫೋಟೊ, ವಿಡಿಯೊ ಮಾಡುವ ಸ್ಟುಡಿಯೊ. ಏಪ್ರಿಲ್, ಮೇ ತಿಂಗಳ ಲಗ್ನದ ಹಂಗಾಮಿನಲ್ಲೇ ಅವರ ಯಂತ್ರ ವಿಡಿಯೊ ನಡುವೆ ಆರಿಹೋಗುವುದು, ಕೂಡಲೇ ಚಾಲೂ ಮಾಡಿದರೆ ಏಳದಿರುವುದು, ಚಹಾ ಕುಡಿದು ಬಂದರೆ ಏಳುವುದು. ಅವರು ಕಂಡುಕೊಂಡ ಉಪಾಯ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕಂಡುಕೊಂಡಿರುವುದೇ. ಪಕ್ಕದ ತಗಡು ಬಿಚ್ಚಿ ಮೂಲೆಗೆ ಇಡುವುದು, ಎದುರಿಗೆ ಟೇಬಲ್ ಫ್ಯಾನ್ ಹಚ್ಚುವುದು. ಮುಧೋಳದಿಂದ ಬಾಗಲಕೋಟೆಯವರೆಗೆ ತಗಡು ಮುಚ್ಚಿದ ಕ್ಯಾಬಿನೆಟ್ ಕಂಡರೆ ಅದು ವಾರಂಟಿಯೊಳಗಿನದು ಎಂದು ತಿಳಿಯಬೇಕು.

ಬಯ್ಯುವ ಮೊದಲು ಲೆಕ್ಕ ಮಾಡಬೇಕು. ಕೂಲರು ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಯ ಉಷ್ಣದ ಮೇಲೆ ಇಷ್ಟು ಎಂದು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಯಂತ್ರ ನಮ್ಮ 42 ಡಿಗ್ರಿಯಲ್ಲಿ 87 ತೋರಿಸುತ್ತದೆ. 100ರ ಆಸುಪಾಸಿನಲ್ಲಿ ಪ್ರೊಸೆಸರು ಮೊದಲು ತಾನೇ ನಿಧಾನವಾಗುತ್ತದೆ, ಆಗಲೂ ತಡೆಯದಿದ್ದರೆ ಜೀವ ಉಳಿಸಿಕೊಳ್ಳಲು ಆರಿಬಿಡುತ್ತದೆ. ಉಳಿದಿರುವ ಆ ಹದಿಮೂರು ಡಿಗ್ರಿಯನ್ನು ಧೂಳು ತಿನ್ನುತ್ತದೆ. ಮೇಲಿಂದ ಅವರ ಕೂಲರು ಸ್ವಚ್ಛವಾಗಿಯೇ ಕಾಣುತ್ತಿತ್ತು, ದಿನಾ ಬ್ರಷ್ ಆಡಿಸುತ್ತಿದ್ದರಂತೆ. ಫ್ಯಾನನ್ನು ಬಿಚ್ಚಿ ಎತ್ತಿದಾಗ ಕೆಳಗಿನ ಅಲ್ಯುಮಿನಿಯಮ್ ಹಲ್ಲುಗಳ ಮೇಲೆ ಕರಿಯ ಬೂದಿ ಪದರುಗಟ್ಟಿತ್ತು. ಗಾಳಿ ಅಲ್ಲಿಗೆ ಬಂದು ತಿರುಗಿ ಹೋಗುತ್ತಿತ್ತು. ಬಿಚ್ಚಿದ ತಗಡಿನಿಂದ ಬಂದ ಬೂದಿ ಅದು, ಟೇಬಲ್ ಫ್ಯಾನು ಊದಿ ತುಂಬಿದ್ದು.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗಿ ಬೇರಿಂಗು ಸವೆಯುತ್ತದೆ. ವೈರು ಬೋರ್ಡಿಗೇ ಚುಚ್ಚಿದ್ದರೆ ತಿರುಗುವ ಮೋಟಾರು ಉಲ್ಟಾ ಕರೆಂಟು ಹುಟ್ಟಿಸಿ ಕಳಿಸುವುದೂ ಉಂಟು. ಹಿಂದಿನ ಫ್ಯಾನು ಒಂದು ಗೊರಗೊರ ಎನ್ನುತ್ತಿತ್ತು. ಸ್ಲೀವ್ ಬೇರಿಂಗಿನದು, ಒಳಗಿನ ಎಣ್ಣೆ ಸೆಕೆಗೆ ಒಣಗಿದೆ. ನಡುವಿನ ಸ್ಟಿಕರ್ ಸುಲಿದು ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ತಿಂಗಳು ನಡೆಯುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಫ್ಯಾನನ್ನೇ ಹಿಡಿದು ನಿಲ್ಲಿಸುತ್ತದೆ. ಕೂಲರಿನ ಅಡಿಯ ಪೇಸ್ಟು ಒಣಗಿ ಪುಡಿಯಾಗಿತ್ತು, ಒರೆಸಿ ಹೊಸದು ಹಚ್ಚಿದೆವು. ತಗಡು ಮುಚ್ಚಿ ಸ್ಕ್ರೂ ಬಿಗಿದದ್ದನ್ನು ಗೆಳೆಯರು ಬಹಳ ಬೇಸರದಿಂದ ನೋಡಿದರು. ಈಗಲೂ ಮೇ ತಿಂಗಳಲ್ಲಿ ಬಿಚ್ಚುತ್ತಾರೆಂದು ಅವರ ಹುಡುಗರಿಂದ ಗೊತ್ತು. 42 ಡಿಗ್ರಿಯಲ್ಲಿ ಮನುಷ್ಯರೇ ಅಂಗಿ ಬಿಚ್ಚಿ ಕೂರುವಾಗ ನಾನು ಜಗಳಾಡಲು ಹೋಗುವುದಿಲ್ಲ.

ಬೀಳಗಿ ತಾಲೂಕಿನಲ್ಲಿ ಹಿನ್ನೀರಿಗೆ ಊರು ಬಿಟ್ಟವರ ಒಂದು ಪುನರ್ವಸತಿ ಕೇಂದ್ರದಿಂದ ಬಂದ ಕರೆಯೂ ಡಿಸ್‌ಪ್ಲೇ ಬರದ್ದೇ. ಅದು ಕ್ಷಣದ ಕೆಲಸ. ಹುಡುಗ ಕೊಂಡದ್ದು ಇಂಟೆಲ್ಲಿನ ಎಫ್ ಅಕ್ಷರದ ಪ್ರೊಸೆಸರು; ಅದರಲ್ಲಿ ಚಿತ್ರ ಹುಟ್ಟಿಸುವ ಭಾಗವೇ ಚಾಲೂ ಇರುವುದಿಲ್ಲ. ಎಚ್‌ಡಿಎಂಐ ಕೇಬಲನ್ನು ಬೋರ್ಡಿನಿಂದ ಕಿತ್ತು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಬೇಕಿತ್ತು. ಕೀಳಲು ಕ್ಯಾಬಿನೆಟ್ಟಿಗೆ ಕೈ ಇಟ್ಟವನಿಗೆ ಮೊಣಕೈವರೆಗೆ ಜುಮ್ಮೆಂದಿತು.

"ಅದು ಮೊದಲಿಂದ್ಲೂ ಹಂಗs ಐತ್ರಿ," ಎಂದರು ಮನೆಯ ಯಜಮಾನರು, ಯಂತ್ರದ ಸ್ವಭಾವ ಪರಿಚಯಿಸುವವರ ಹಾಗೆ.

ಎಸ್‌ಎಂಪಿಎಸ್ಸಿನ ಬಾಯಲ್ಲಿ ಗದ್ದಲ ಸೋಸುವ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಫೇಸಿನಿಂದ ತಗಡಿಗೆ ಒಂದು, ನ್ಯೂಟ್ರಲಿನಿಂದ ತಗಡಿಗೆ ಒಂದು. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಜಿನುಗುವ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ಟು ಮನೆಯ 230 ವೋಲ್ಟಿನ ಅರ್ಧಕ್ಕೆ ಏರಿ ನಿಲ್ಲುತ್ತದೆ. ಕರೆಂಟು ತೀರಾ ಸಣ್ಣದು, ಮನುಷ್ಯನಿಗೆ ಜುಮ್ಮೆನ್ನುವುದಷ್ಟೇ. ಆದರೆ ಅದೇ ಸ್ಥಿತಿಯಲ್ಲಿ ಎಚ್‌ಡಿಎಂಐ ಚುಚ್ಚುವಾಗ ಹಾರುವ ಕಿಡಿಗೆ ಕಾರ್ಡಿನ ಬಾಯಿ ಸುಟ್ಟುಹೋಗಬಹುದು, ಮತ್ತು ನಿಜವಾದ ಶಾರ್ಟ್ ಆದ ದಿನ ಕಾಯುವವರು ಯಾರೂ ಇಲ್ಲ. ಕರೆಂಟಿನ ಕೆಲಸ ಬಲ್ಲ ಹುಡುಗನನ್ನು ಕರೆಸಿ ನೋಡಿದರೆ ಮನೆ ಕಟ್ಟುವಾಗ ತೋಡಿದ್ದ ಅರ್ಥಿನ ಗುಂಡಿಯ ಮೇಲೆ ಆಮೇಲೆ ಬಚ್ಚಲು ಕಟ್ಟಿ ಫರಸಿ ಹಾಸಿದ್ದರು, ತಂತಿ ನಡುವೆಯೇ ತುಂಡಾಗಿತ್ತು. ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಒಂದು ಥರ ಉಪ್ಪು ಒಂದು ಥರ ತುಂಬಿದ.

ಸಂಜೆ ಮನೆಯ ಸೊಸೆ ಅಂಜುತ್ತಂಜುತ್ತ ಒಂದು ಬೆರಳಿನಿಂದ ಕ್ಯಾಬಿನೆಟ್ ಮುಟ್ಟಿ ನೋಡಿದಳು. ಆಮೇಲೆ ಅಡಿಗೆ ಮನೆಗೆ ಹೋಗಿ ಫ್ರಿಜ್ಜನ್ನೂ ಮುಟ್ಟಿದಳು. ಅದನ್ನು ತೆಗೆಯಲೆಂದೇ ಇಷ್ಟು ವರ್ಷ ಒಳಗೊಂದು ಜೊತೆ ರಬ್ಬರ್ ಚಪ್ಪಲಿ ಇಟ್ಟಿದ್ದರಂತೆ. ಫ್ರಿಜ್ಜಿಗಾಗಿ ಯಾರೂ ಯಾರನ್ನೂ ಕರೆಸಿರಲಿಲ್ಲ. ಬೇಸಿಗೆಯಲ್ಲಿ ಗುಂಡಿ ಒಣಗಗೊಡಬಾರದು, ಆಗಾಗ ನೀರು ಹಾಕುತ್ತಿರಬೇಕು ಎಂದು ಹುಡುಗ ಹೇಳಿ ಹೊರಟ. ಯಜಮಾನರು ನನ್ನ ಕಡೆ ತಿರುಗಿದರು.

"ಅಲ್ರೀ ಮಾಸ್ತರ, ಹೊಲಕ್ಕ ನೀರ್ ಸಾಲವಲ್ದು, ಇನ್ ಕಂಪ್ಯೂಟರಿಗೂ ನೀರ್ ಹಾಯಿಸಬೇಕೇನ್ರಿ?"

"ವಾರಕ್ಕೊಂದು ಕೊಡ ಸಾಕ್ರಿ."

"ಹಂಗಾದ್ರ ಅಲ್ಲೊಂದು ಕರಿಬೇವು ಹಚ್ತೀನಿ ಬಿಡ್ರಿ," ಎಂದರು.